ಮಹಾಪ್ರಾಣ

ಹೆಸರು ಕೂಗುವುದನ್ನೇ ಕಸುಬು ಮಾಡಿಕೊಂಡವರೊಬ್ಬರಿದ್ದರು, ನಮ್ಮ ಕರಾವಳಿಯ ಲಾರೆನ್ಸ್. ಅಮೆರಿಕದ ವುಡಿನ್‌ವಿಲ್ ಪಕ್ಕದ ಪುಟ್ಟ ಬೇಸ್‌ಬಾಲ್ ಮೈದಾನದಲ್ಲಿ ಹೆರನ್ಸ್ ತಂಡ ಆಡುವಾಗ, ಬ್ಯಾಟು ಹಿಡಿದು ಬರುವವರ ಹೆಸರನ್ನು ಮೈಕಿನಲ್ಲಿ ಹೇಳುವುದು ಅವರ ಪಾಲಿನ ಸೇವೆ. ಇಪ್ಪತ್ತೊಂಬತ್ತು ವರ್ಷ ಹೇಳಿದರು. ಭಾನುವಾರ ಬೆಳಿಗ್ಗೆ ಅಲ್ಲಿನ ರೇಡಿಯೋದಲ್ಲಿ ಅವರದೇ ಒಂದು ಗಂಟೆ ಕನ್ನಡ ಕಾರ್ಯಕ್ರಮ: ಹಾಡು, ಹುಟ್ಟುಹಬ್ಬ, ತೀರಿಕೊಂಡವರ ಸುದ್ದಿ. ಅಲ್ಲೂ ಹೆಸರುಗಳೇ.

ಅವರದೊಂದು ಕ್ರಮವಿತ್ತು. ಹೊಸ ಆಟಗಾರ ಬಂದರೆ ಅವನ ತಾಯಿಗೆ ಫೋನ್ ಮಾಡಿ, "ಮಗನನ್ನು ಊಟಕ್ಕೆ ಹೇಗೆ ಕರೆಯುತ್ತೀರಿ?" ಎಂದು ಕೇಳುವರು. ತಾಯಿ ಕರೆದಂತೆಯೇ ಮೈದಾನದಲ್ಲಿ ಕರೆಯುವರು. ಎಂಥ ದಾಂಡಿಗನೂ ಆ ಕೂಗಿಗೆ ಒಂದು ಕ್ಷಣ ತಲೆಯೆತ್ತಿ ನೋಡುತ್ತಿದ್ದ, ಮನೆಯ ಬಾಗಿಲಲ್ಲಿ ಯಾರೋ ನಿಂತಿದ್ದಾರೆಂಬಂತೆ.

ಈ ಬೇಸಿಗೆಯಲ್ಲಿ ಲಾರೆನ್ಸರ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ಸೋಮವಾರ ಆಪರೇಷನ್. ಆಮೇಲೆ ದನಿ ಮರಳೀತೆಂದು ಡಾಕ್ಟರು ಮಾತು ಕೊಡಲಿಲ್ಲ. ಮೈದಾನದಲ್ಲಿ ಉಳಿದದ್ದು ಶನಿವಾರದ ಒಂದೇ ಆಟ. ಅದೇ ವಾರ ತಂಡಕ್ಕೆ ಹೊಸಬನೊಬ್ಬ ಬಂದ: ಸುಮುಖ್ ವಿಜಯಕುಮಾರ. ಅಲ್ಲೇ ಹತ್ತಿರದ ಕ್ರಾಸ್‌ರೋಡ್ಸ್ ಬಡಾವಣೆಯ ಹುಡುಗ, ಮೈಸೂರಿನವರ ಮಗ. ಇಷ್ಟು ವರ್ಷದಲ್ಲಿ ತಂಡದ ಪಟ್ಟಿಗೆ ಬಂದ ಮೊದಲ ಕನ್ನಡದ ಹೆಸರು.

ಲಾರೆನ್ಸ್ ಅವನ ತಾಯಿ ವಸಂತಲಕ್ಷ್ಮಿಗೆ ಫೋನ್ ಮಾಡಿದರು.

"ಅಯ್ಯೋ, ರೇಡಿಯೋ ಲಾರೆನ್ಸಾ? ಏನ್ರೀ ಇದು, ಗಂಟಲು ಹಿಂಗಾಗಿದೆ! ಬಿಸಿನೀರು ಕುಡೀರಿ ಮೊದ್ಲು."

"ಕುಡೀತೇನೆ ಅಮ್ಮ. ಮಗನನ್ನು ಊಟಕ್ಕೆ ಹೇಗೆ ಕರೀತೀರಿ?"

"ಕರೆಯೋದೆಲ್ಲಿ ಬಂತು? ಅವ್ನೇ ಫ್ರಿಜ್ ಮುಂದೆ ನಿಂತಿರ್ತಾನೆ." ನಕ್ಕು, ಮೆತ್ತಗೆ ಹೇಳಿದರು, "ಸುಮುಖಾ ಅಂತೀನಿ."

"ಸುಮುಕ," ಎಂದು ಲಾರೆನ್ಸ್ ಬರೆದುಕೊಂಡರು.

"ಕ ಅಲ್ಲ ಸಾರ್, ಖ! ಮಹಾಪ್ರಾಣ. ಗಣಪತಿಯ ಹನ್ನೆರಡು ಹೆಸರಲ್ಲಿ ಮೊದಲ್ನೇದು ಅದು. ಹೋದ ವರ್ಷ ಬೇರೆ ಊರಲ್ಲಿ ಸೂಮಕ್ ಅಂತ ಕೂಗಿದ್ರು. ಮಕ್ ಅಂದ್ರೆ ಇವರಲ್ಲಿ ಕೊಚ್ಚೆ ಅಲ್ವಾ? ಜನ ನಕ್ಕುಬಿಟ್ರಂತೆ. ಶನಿವಾರ ಇಲ್ಲೂ ನಕ್ರೆ ಇನ್ಮೇಲೆ ನಾನು ಸ್ಯಾಮ್ ಅಂತ ಹೆಸರು ಬದಲಿಸೋ ಫಾರಂ ತುಂಬಿಟ್ಕೊಂಡಿದಾನೆ."

ಲಾರೆನ್ಸ್ ಫೋನಿಟ್ಟು, ಬರೆದಿದ್ದ ಕ ಹೊಡೆದು ಖ ಬರೆದರು. ರೇಡಿಯೋದಲ್ಲಿ ಇಷ್ಟು ವರ್ಷ ಅವರು ಖ, ಘಗಳನ್ನು ಮೆಲ್ಲಗೆ ನುಂಗಿದ್ದರು. ಯಾರೂ ಹಿಡಿದಿರಲಿಲ್ಲ.

ಹೆಂಡತಿ ಹೆಲೆನ್ ಮಾತೆ ಮರಿಯಮ್ಮನ ಮುಂದಿದ್ದ ಮೇಣದಬತ್ತಿ ತಂದು ಅವರ ಬಾಯಿಯೆದುರು ಹಿಡಿದರು. "ನಮ್ಮ ಶಾಲೆಯ ಬಾಯಮ್ಮ ಟೀಚರು ಹೀಗೇ ಕಲಿಸಿದ್ದು. ಹೇಳಿ."

"ಖ."

ಜ್ವಾಲೆ ಅಲುಗಲಿಲ್ಲ.

"ಅರುವತ್ತೆಂಟಕ್ಕೆ ಬಾಲಪಾಠ! ಅದು ಕ ಆಯ್ತು ಮಾರಾಯ್ರೆ. ಬತ್ತಿಗೆ ಸಹ ಗೊತ್ತಾಗುದಿಲ್ಲ."

"ಎಂತ ಮಾಡುದು ಮಾರಾಯ್ತಿ, ಉಸಿರೇ ಇಲ್ಲ."

ಏಳನೆಯ ಸಲವೋ ಎಂಟನೆಯ ಸಲವೋ, ಹೊಟ್ಟೆಯ ಆಳದಿಂದ ಗಾಳಿ ಎದ್ದು ಬಂತು. ಜ್ವಾಲೆ ಬಾಗಿತು, ನಮಸ್ಕಾರ ಮಾಡಿದ ಹಾಗೆ. ಇಬ್ಬರೂ ಅದನ್ನೇ ನೋಡುತ್ತ ಕೂತರು. ಒಂದು ಅಕ್ಷರವನ್ನು ಮಹಾಪ್ರಾಣವೆಂದು ಕರೆದ ಹಿರಿಯರು ಏನನ್ನು ಕಂಡಿದ್ದರೋ! ಉಸಿರು ತೀರುವ ಹೊತ್ತಿಗೆ ಅದು ತನ್ನ ಬಳಿ ಬಂತಲ್ಲ ಎಂದು ಲಾರೆನ್ಸರ ಮೈ ಜುಮ್ಮೆಂದಿತು.

ಶನಿವಾರ ಮಧ್ಯಾಹ್ನ ಒಳ್ಳೆ ಬಿಸಿಲು. ಮಿಕ್ಕ ಹೆಸರುಗಳನ್ನೆಲ್ಲ ಲಾರೆನ್ಸ್ ಮೈಕಿಗೆ ತುಟಿ ತಾಗಿಸಿ, ದನಿ ಉಳಿಸಿಕೊಂಡು ಹೇಳಿದರು. ಆದರೂ ಒಂಬತ್ತರಲ್ಲಿ ಏಳು ಇನ್ನಿಂಗ್ಸ್ ಮುಗಿಯುವಷ್ಟರಲ್ಲಿ ಗಂಟಲು ಒಣಗಿದ ಎಲೆಯಂತಾಗಿತ್ತು. ಎಂಟನೆಯದರಲ್ಲಿ ಬದಲಿ ಆಟಗಾರನಾಗಿ ಸುಮುಖ್ ಎದ್ದ. ತಲೆ ತಗ್ಗಿಸಿಕೊಂಡೇ ನಡೆದ. ನಗುವನ್ನು ಕಾಯುತ್ತಿದ್ದವನ ನಡಿಗೆ ಅದು.

ಲಾರೆನ್ಸ್ ಶಿಲುಬೆಯ ಗುರುತು ಮಾಡಿಕೊಂಡರು. ಪಕ್ಕದಲ್ಲಿ ಕೂತಿದ್ದ ಹೆಲೆನ್ ಬಿಸಿನೀರಿನ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿದರು.

"ಹತ್ತೊಂಬತ್ತನೇ ನಂಬರ್," ಎಂದು ಲಾರೆನ್ಸ್ ಇಂಗ್ಲಿಷಿನಲ್ಲಿ ಹೇಳಿ ನಿಲ್ಲಿಸಿದರು. ಉಸಿರೆಳೆದುಕೊಂಡರು. "ಸು... ಮು... ಖ!"

ಆ ಖ ಧ್ವನಿವರ್ಧಕಗಳಿಂದ ಹೊರಟು ಆಚೆಯ ಫರ್ ಮರಗಳವರೆಗೆ ಹೋಯಿತು. ಯಾರೂ ನಗಲಿಲ್ಲ. ಕಡಲೆಕಾಯಿ ಸುಲಿಯುತ್ತಿದ್ದ ಕೈಗಳು ಕೂಡ ನಿಂತವು. ಸುಮುಖ್ ತಲೆಯೆತ್ತಿ ನೋಡಿದ.

"ವಿಜಯಕುಮಾರ!" ಎಂದರು ಲಾರೆನ್ಸ್. ಅಲ್ಲಿಗೆ ದನಿ ಮುಗಿಯಿತು.

ಅಪ್ಪನ ಹೆಸರೇ ಮಗನ ಕೊನೆಯ ಹೆಸರು. ಮೂರನೆಯ ಸಾಲಿನಲ್ಲಿದ್ದ ಅಪ್ಪ ವಿಜಯಕುಮಾರ ತಟಕ್ಕನೆ ಎದ್ದು, ಕೈಯೆತ್ತಿ, "ಪ್ರೆಸೆಂಟ್ ಸಾರ್!" ಎಂದುಬಿಟ್ಟರು.

"ಕೂತ್ಕೊಳ್ರೀ, ನಿಮ್ಮನ್ನಲ್ಲ!" ವಸಂತಲಕ್ಷ್ಮಿ ಅಂಗಿ ಜಗ್ಗಿದರು.

ತಡವಾಗಿತ್ತು. ಇದೇನೋ ಗೌರವದ ಪದ್ಧತಿಯಿರಬೇಕೆಂದುಕೊಂಡು ಪಕ್ಕದವರೂ ಎದ್ದರು, ಹಿಂದಿನವರೂ ಎದ್ದರು. ಗಳಿಗೆಯಲ್ಲಿ ಇಡೀ ಸ್ಟ್ಯಾಂಡು ಎದ್ದು ನಿಂತಿತ್ತು.

ಸುಮುಖ್ ಮೂರು ಸಲ ಬ್ಯಾಟು ಬೀಸಿದ, ಮೂರೂ ತಪ್ಪಿ ಔಟಾದ. ಆಟ ಮುಗಿದ ಮೇಲೆ ಮೈಕಿನ ಕೋಣೆಗೆ ಬಂದ. ಕೈಯಲ್ಲಿ ಆ ಫಾರಂ ನಾಲ್ಕು ಚೂರಾಗಿತ್ತು.

"ಅಂಕಲ್, ಐ ನೆವರ್ ಹರ್ಡ್ ಮೈ ನೇಮ್ ದಟ್ ಬಿಗ್," ಎಂದ.

ಲಾರೆನ್ಸ್ ಬಾಯಿ ತೆರೆದರು. ಏನೂ ಬರಲಿಲ್ಲ. ಅಂಗೈ ಚಾಚಿ ಅವನ ತುಟಿಯೆದುರು ಹಿಡಿದರು.

"ನಿನ್ನ ಹೆಸರು ಹೇಳು ಮಗಾ," ಎಂದರು ಹೆಲೆನ್.

"ಸುಮುಕ್."

ಲಾರೆನ್ಸ್ ಅಲ್ಲವೆಂದು ತಲೆಯಾಡಿಸಿ ಹೊಟ್ಟೆ ಮುಟ್ಟಿ ತೋರಿಸಿದರು. ಅವನು ನಕ್ಕು, ಉಸಿರೆಳೆದುಕೊಂಡು, ಮತ್ತೆ ಹೇಳಿದ. ಬೆಚ್ಚಗಿನ ಗಾಳಿ ಅಂಗೈಗೆ ತಾಗಿತು. ಲಾರೆನ್ಸ್ ಮೆಲ್ಲಗೆ ಮುಷ್ಟಿ ಮುಚ್ಚಿಕೊಂಡರು.