ಮೀನಿನ ಉಪವಾಸ

ಅರ್ಪಿತಳಿಗೆ ತನ್ನ ಕೆಲಸವನ್ನೇ ಮಾಡುವವರು ಒಬ್ಬರೂ ಪರಿಚಯವಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟು ನಡೆಸುವ ಸಣ್ಣ ಮತ್ಸ್ಯಾಲಯವಿದೆ. ಅಲ್ಲಿಗೆ ಬರುವ ಶಾಲೆ ಮಕ್ಕಳಿಗೆ ಮೀನು ತೋರಿಸಿ ಪಾಠ ಮಾಡುವುದು ಅವಳ ಕೆಲಸ. ಇಡೀ ಮಂಡ್ಯ ಜಿಲ್ಲೆಯಲ್ಲಿ ಅಂಥ ಕೆಲಸ ಅದೊಂದೇ.

ಹಲಗೂರಿನಲ್ಲಿದ್ದ ಅವಳ ತಾಯಿ ಬೆಟ್ಟಮ್ಮ ಮೂರು ವರ್ಷದಿಂದ ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಮೀನ್ಗೂ ಪಾಠ ಯೋಳ್ಕೊಡ್ತಾರೇನೆ? ಅವು ಪಾಸಾಗಿ ಯಾವ ಆಪೀಸ್ಗೋಗ್ಬೇಕು?"

"ಮೀನ್ಗಲ್ಲ ಕಣವ್ವ, ಮಕ್ಳಿಗೆ."

"ಮಕ್ಳಿಗಾದ್ರೆ ಇಸ್ಕೂಲಲ್ಲಿ ಮೇಷ್ಟ್ರಿಲ್ವಾ?"

ಇದಕ್ಕೆ ಅರ್ಪಿತಳ ಬಳಿ ಉತ್ತರವಿತ್ತು, ಆದರೆ ಉದ್ದದ್ದು. ಫೋನಿನಲ್ಲಿ ಹೇಳುವಂಥದ್ದಲ್ಲ. ಮದ್ದೂರಿನ ಬಾಡಿಗೆ ಕೋಣೆಯ ಅಕ್ಕಪಕ್ಕದವರು ಅವಳನ್ನು 'ಮೀನ್ ಮಿಸ್ಸು' ಎಂದು ಕರೆದು ಸುಮ್ಮನಾಗಿದ್ದರು.

ಮೃಗಾಲಯ ಮತ್ತು ಮತ್ಸ್ಯಾಲಯಗಳಲ್ಲಿ ಪಾಠ ಮಾಡುವವರದ್ದೇ ಒಂದು ಸಂಘವಿದೆ ಎಂದು ಅವಳಿಗೆ ತಿಳಿದದ್ದು ಕೆಲಸಕ್ಕೆ ಸೇರಿದ ಮೇಲೆ. ಅರ್ಜಿ ಹಾಕಿ ತಾತ್ಕಾಲಿಕ ಸದಸ್ಯೆಯಾದಳು. ನೂರ ನಲವತ್ತು ಜನ, ಹೆಚ್ಚಿನವರು ದೊಡ್ಡ ಊರುಗಳವರು. ತಿಂಗಳಿಗೊಮ್ಮೆ ಕಂಪ್ಯೂಟರಿನಲ್ಲಿ ಸಭೆ. ಅವರು ಹುಲಿ, ಆನೆ, ಸಮುದ್ರದ ಆಮೆ ಎಂದು ಮಾತಾಡುತ್ತಿದ್ದರು. ಅರ್ಪಿತ ಮೈಕು ಬಂದ್ ಮಾಡಿಕೊಂಡು ಕೂತಿರುತ್ತಿದ್ದಳು. ಕೊನೆಯಲ್ಲಿ ಯಾರಾದರೂ, "ಮಂಡ್ಯದವರು ಏನಾದ್ರೂ ಹೇಳ್ತೀರಾ?" ಎಂದು ಕೇಳಿದರೆ ಮೈಕು ತೆರೆದು "ಇಲ್ಲ ಸರ್" ಎನ್ನುತ್ತಿದ್ದಳು. ಸಭೆ ಮುಗಿಯುತ್ತಿತ್ತು.

ಆ ಸಂಘದಲ್ಲಿ ಒಂದು ಪದ್ಧತಿ. ತಾತ್ಕಾಲಿಕ ಸದಸ್ಯರು ಪೂರ್ಣ ಸದಸ್ಯರಾಗಬೇಕಾದರೆ ಹಳೆಯ ಸದಸ್ಯರೊಬ್ಬರು ಖುದ್ದಾಗಿ ಬಂದು, ಮಕ್ಕಳ ಜೊತೆ ಹಿಂದಿನ ಬೆಂಚಿನಲ್ಲಿ ಕೂತು, ಪೂರ್ತಿ ಪಾಠ ನೋಡಿ ಫಾರಂ ತುಂಬಬೇಕು. ಆಮೇಲೆ ಇಬ್ಬರೇ ಕೂತು ಒಂದು ಗಂಟೆ ಮಾತಾಡಬೇಕು. ಮೂರು ವರ್ಷದೊಳಗೆ ಇದು ಆಗದಿದ್ದರೆ ಹೆಸರು ತೆಗೆಯುತ್ತಾರೆ. ಅರ್ಪಿತಳ ಮೂರು ವರ್ಷ ಮಾರ್ಚಿಗೆ ಮುಗಿಯುತ್ತಿತ್ತು. ಜನವರಿಯಲ್ಲಿ ವೀಣ ಎಂಬ ಸದಸ್ಯೆ ಬರುತ್ತೇನೆಂದು ಒಪ್ಪಿದಳು. ಇಪ್ಪತ್ತು ವರ್ಷ ಅನುಭವವಿದ್ದವಳು. ಅರ್ಪಿತಳಿಗೆ ಸದಸ್ಯತ್ವಕ್ಕಿಂತ ಆ ಒಂದು ಗಂಟೆ ಬೇಕಾಗಿತ್ತು. ಕೇಳಬೇಕಾದ್ದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಳು.

ಪಾಠಕ್ಕೆ ಅವಳು ಆರಿಸಿಕೊಂಡದ್ದು ಶಿಂಷಾ ನದಿಯ ತೊಟ್ಟಿ. ಮೂರು ಕೊರವ ಮೀನು, ಒಂದೊಂದೂ ಮೊಳದುದ್ದ. ಅವುಗಳ ಜೊತೆ ಪಕ್ಕೆ, ಗೆಂಡೆ, ಗಿರ್ಲು, ಸಸಲು ಎಂಬ ಸಣ್ಣ ಮೀನುಗಳು. ಎಲ್ಲ ನದಿಯಲ್ಲಿರುವ ಹಾಗೆ ಒಟ್ಟಿಗೇ. ಹಿಂದಿನ ತಿಂಗಳ ಸಭೆಯಲ್ಲಿ ಕರಾವಳಿಯ ಒಬ್ಬರು ಒಂದು ಉಪಾಯ ಹೇಳಿದ್ದರು: ಪಾಠದ ಹಿಂದಿನ ದಿನ ಮೀನಿಗೆ ಆಹಾರ ಹಾಕಬೇಡಿ, ಮರುದಿನ ಗಾಜಿನ ಹತ್ತಿರವೇ ಬಂದು ನಿಲ್ಲುತ್ತವೆ, ಮಕ್ಕಳು ಅಲ್ಲಾಡುವುದಿಲ್ಲ. ಎಲ್ಲ ಥರದ ಮೀನಿಗೂ ಇದು ಸರಿಹೋಗುತ್ತದೆಯೇ ಎಂದು ಕೇಳಲು ಅರ್ಪಿತ ಟೈಪ್ ಮಾಡಿದ್ದಳು. ಇಷ್ಟೂ ಗೊತ್ತಿಲ್ಲವೇ ಅಂದುಕೊಂಡಾರೆಂದು ಕಳಿಸದೆ ಅಳಿಸಿಬಿಟ್ಟಳು.

ವೀಣ ಬುಧವಾರ ಬರಬೇಕಿತ್ತು. ಮಂಗಳವಾರ ಬೆಳಿಗ್ಗೆ ಅರ್ಪಿತ ಮೀನು ನೋಡಿಕೊಳ್ಳುವ ಪುಟ್ಟಮಾದಯ್ಯನಿಗೆ ಆ ತೊಟ್ಟಿಗೆ ಏನೂ ಹಾಕಬೇಡ ಎಂದಳು. ಪುಟ್ಟಮಾದಯ್ಯ ಮಳವಳ್ಳಿ ಕಡೆಯವನು. ಮೂವತ್ತು ವರ್ಷ ಶಿಂಷೆಯಲ್ಲಿ ಬಲೆ ಬೀಸಿದವನು.

"ಒಂದಿನ ಆದ್ರೆ ಆಗ್ಲಿ ಬುಡಿ," ಎಂದ. "ಅದ್ಕಿಂತ ಜಾಸ್ತಿ ಬ್ಯಾಡ ಕಣವ್ವ. ಕೊರವ ಒಟ್ಟೆ ತುಂಬಿದ್ರೆ ಸನ್ನಾಸಿ. ಅಸ್ಕೊಂಡ್ರೆ ಅದ್ಕೆ ನೆಂಟ್ರಿಲ್ಲ, ಇಷ್ಟ್ರಿಲ್ಲ."

"ಒಂದೇ ದಿನ."

"ಯಾರವ್ವ ಬತ್ತಿರೋದು? ಮಂತ್ರಿನಾ?"

"ನನ್ ಕೆಲಸದವರು."

"ನಿಮ್ ಕೆಲ್ಸ ಮಾಡೋರು ಇನ್ನೂ ಅವ್ರಾ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ.

ಬುಧವಾರ ಶಿವಪುರದ ಮಕ್ಕಳು ಬಂದರು. ವೀಣ ಬರಲಿಲ್ಲ. ಹತ್ತು ಗಂಟೆಗೆ ಫೋನ್ ಮಾಡಿ ನಾಳೆ ಬರುತ್ತೇನೆ ಎಂದಳು. ನಾಳೆಯ ಪಾಠಕ್ಕೆ ಇವತ್ತು ಉಪವಾಸ ಇರಬೇಕು, ಆದ್ದರಿಂದ ಅರ್ಪಿತ ಬುಧವಾರವೂ ಆಹಾರ ಹಾಕಿಸಲಿಲ್ಲ. ಗುರುವಾರ ಮತ್ತೆ ಫೋನ್ ಬಂತು. ಕಚೇರಿಯಲ್ಲಿ ಮೀಟಿಂಗು, ನಾಳೆ ಖಂಡಿತ ಎಂದಳು.

ಪುಟ್ಟಮಾದಯ್ಯ ಸೀಗಡಿಯ ಬಕೆಟ್ ಹಿಡಿದು ಬಂದ. "ಇವತ್ತು ಆಕ್ಲೇಬೇಕು."

"ನಾಳೆ ಪಾಠದಲ್ಲೇ ಹಾಕೋಣ."

"ಎರಡ್ ದಿನದಿಂದ ಇದೇ ನಾಳೆ ಆಗದೆ."

"ಇವತ್ತು ಹಾಕಿದ್ರೆ ನಾಳೆ ಮೂಲೇಲಿ ಮಲಗ್ತವೆ. ಅವರು ಬರೋದು ಒಂದೇ ಸಲ ಪುಟ್ಟಮಾದಯ್ಯ."

ಅವನು ಬಕೆಟ್ ವಾಪಸು ಒಯ್ದ. ಸಂಜೆ ಹೊರಡುವಾಗ ಅವಳು ತೊಟ್ಟಿಯ ಮುಂದೆ ನಿಂತಳು. ಸಣ್ಣ ಮೀನು ಕಡಿಮೆ ಕಂಡವು. ಕಲ್ಲಿನ ಹಿಂದೆ ಇರಬೇಕು ಎಂದುಕೊಂಡು ಬಸ್ಸು ಹತ್ತಿದಳು.

ಶುಕ್ರವಾರ ಬೆಳಿಗ್ಗೆ ಪುಟ್ಟಮಾದಯ್ಯ ಬಾಗಿಲಲ್ಲೇ ನಿಂತಿದ್ದ. ಅವಳನ್ನು ನೇರ ತೊಟ್ಟಿಯ ಮುಂದೆ ಕರೆದೊಯ್ದ. ತೊಟ್ಟಿಯಲ್ಲಿ ಮೂರು ಕೊರವ ತಳಕ್ಕೆ ಹೊಟ್ಟೆಯೂರಿ ಮಲಗಿದ್ದವು. ಒಂದು ಗೆಂಡೆಯ ತಲೆಯ ಭಾಗ ಮೇಲೆ ತೇಲುತ್ತಿತ್ತು. ಬೇರೆ ಮೀನು ಇರಲಿಲ್ಲ. ಅವನು ಕಲ್ಲುಗಳನ್ನೂ ಎತ್ತಿ ನೋಡಿದ್ದ.

"ಬಣ್ಣದ್ ಮೀನಿನ ತೊಟ್ಟಿ ಮುಂದೆ ಪಾಠ ಮಾಡ್ಬುಡಿ," ಎಂದ. "ಈ ಗಾಜು ಮುಚ್ಚೋ ಅಂಗೆ ಒಂದು ಗೋಣಿ ತಾಟು ಇಳಿಬುಡ್ತೀನಿ. ರಿಪೇರಿ ಅನ್ನಿ. ಆಯಮ್ಮಂಗೆ ಏನ್ ಗೊತ್ತಾಯ್ತದೆ?"

ಗೊತ್ತಾಗುವುದಿಲ್ಲ ನಿಜ. ಅರ್ಪಿತ ಅರ್ಧ ಗಂಟೆ ಅದನ್ನೇ ಯೋಚಿಸಿದಳು. ಆದರೆ ತಾನು ಮಾಡಿದ ತಪ್ಪು ಏನೆಂದು ಅರ್ಥವಾಗುವ ಮನುಷ್ಯರು ಮೂರು ವರ್ಷದಲ್ಲಿ ಒಬ್ಬರೇ ಬರುತ್ತಿದ್ದರು. ಅವರ ಮುಂದೆಯೇ ಗೋಣಿ ತಾಟು ಹಾಕಿದರೆ ಆಮೇಲೆ ಆ ಒಂದು ಗಂಟೆ ಮಾತಾಡಲು ಏನಿರುತ್ತದೆ? ತಾಟು ಬೇಡ ಎಂದಳು.

ಹತ್ತೂವರೆಗೆ ಕೆರಗೋಡಿನ ಮಕ್ಕಳು ಬಂದರು. ವೀಣಳೂ ಬಂದಳು. ನಕ್ಕು, ಕೈಮುಗಿದು, ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗಿಯರ ಮಧ್ಯೆ ಕೂತು ಫಾರಂ ತೆಗೆದಳು.

ಅರ್ಪಿತ ಪಾಠ ಶುರುಮಾಡಿದ ಎರಡನೇ ನಿಮಿಷಕ್ಕೆ ಮುಂದೆ ಕೂತವನೊಬ್ಬ ಎದ್ದ. "ಮಿಸ್, ಬೋರ್ಡಲ್ಲಿ ಐದ್ ತರ ಮೀನು ಬರ್ದವ್ರೆ. ಒಳ್ಗೆ ಒಂದೇ ತರ ಅದೆ."

"ಉಳಿದವನ್ನ ಇವು ತಿಂದಿವೆ."

"ಯಾಕ್ ತಿಂದ್ವು?"

"ಮೂರು ದಿನ ನಾನು ಇವಕ್ಕೆ ಊಟ ಹಾಕಿರಲಿಲ್ಲ."

"ಮರ್ತೋದ್ರಾ ಮಿಸ್?"

"ಇಲ್ಲ. ನೋಡೋಕೆ ಬರುವವರಿಗೆ ಚೆನ್ನಾಗಿ ಕಾಣಲಿ ಅಂತ."

ವೀಣಳ ಪಕ್ಕದ ಹುಡುಗಿ ಹೇಳಿದಳು: "ನಮ್ಗೂ ಇನ್‌ಸ್ಪೆಟ್ರು ಬರೋ ದಿಸ ಇಂಗೇ ಮಿಸ್. ನೀರ್ ಕುಡ್ಯಕ್ಕೂ ಬುಡಲ್ಲ." ಎಲ್ಲರೂ ನಕ್ಕರು. ಅವರ ಮೇಷ್ಟ್ರು ಮಾತ್ರ ನಗಲಿಲ್ಲ.

ಅರ್ಪಿತ ನಲವತ್ತು ನಿಮಿಷ ಪಾಠ ಮಾಡಿದಳು. ಹಸಿವು ಎಂದರೇನು, ನದಿಯಲ್ಲಾದರೆ ಸಣ್ಣ ಮೀನಿಗೆ ಓಡಿಹೋಗಲು ಜಾಗವಿರುತ್ತದೆ, ಗಾಜಿನೊಳಗೆ ಇರುವುದಿಲ್ಲ ಎಂದು ಹೇಳಿದಳು. ಯಾವ ಮಗುವೂ ಅಲ್ಲಾಡಲಿಲ್ಲ. ಅಷ್ಟು ಒಳ್ಳೆಯ ಪಾಠವನ್ನು ಅವಳು ಅದುವರೆಗೆ ಮಾಡಿರಲಿಲ್ಲ.

ಮಕ್ಕಳು ಹೋದ ಮೇಲೆ ವೀಣ ಫಾರಂ ತೋರಿಸಿದಳು. ಮೊದಲ ಸಾಲು: ಪ್ರಾಣಿಯ ಹಿತ ಕಾಪಾಡಲಾಗಿದೆಯೇ? ಎದುರಿಗೆ 'ಇಲ್ಲ' ಎಂದು ಬರೆದಿತ್ತು. ಕೆಳಗೆ ಎಲ್ಲ ಖಾಲಿ.

"ಇದು ಇಲ್ಲ ಅಂತಾದರೆ ಮುಂದಿನದು ತುಂಬೋ ಹಾಗಿಲ್ಲ ಅರ್ಪಿತ. ನಿಮ್ಮ ಪಾಠ ನನಗೆ ಹಿಡಿಸ್ತು. ಅದಕ್ಕೂ ಕಾಲಂ ಇದೆ, ಆದರೆ ಅದು ಏಳನೆಯದು."

"ಆಯ್ತು ಮೇಡಂ."

"ಮಾಡೋಕೆ ಮುಂಚೆ ಸಂಘದಲ್ಲಿ ಒಂದು ಮಾತು ಕೇಳಬಹುದಿತ್ತಲ್ಲ."

"ಯಾರನ್ನ ಕೇಳಲಿ?"

"ನೂರ ನಲವತ್ತು ಜನ ಇದ್ದೀವಿ," ಎಂದಳು ವೀಣ. ಅವಳಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ.

ಫಾರಂ ತುಂಬದಿದ್ದರೆ ಮಾತಿನ ಗಂಟೆಯೂ ಇಲ್ಲ. ವೀಣ ಚಹಾ ನಿಂತುಕೊಂಡೇ ಕುಡಿದು, ಮಧ್ಯಾಹ್ನದೊಳಗೆ ಊರು ಸೇರಬೇಕು ಎಂದಳು. ಕಾರು ಮದ್ದೂರಿನ ಕಡೆ ತಿರುಗುವವರೆಗೆ ಅರ್ಪಿತ ಗೇಟಿನಲ್ಲಿದ್ದಳು.

ಒಳಗೆ ಪುಟ್ಟಮಾದಯ್ಯ ಮೀನಿನ ರಿಜಿಸ್ಟರಿನಲ್ಲಿ ಸತ್ತವುಗಳ ಪುಟ ತೆರೆದಿಟ್ಟು, "ಬರ್ಕಳಿ, ಯೋಳ್ತೀನಿ," ಎಂದ. ಅವನು ಹೇಳಿದ, ಅವಳು ಬರೆದಳು.

ಸಸಲು ಹನ್ನೆರಡು. ಪಕ್ಕೆ ಒಂಬತ್ತು. ಗೆಂಡೆ ಆರು. ಗಿರ್ಲು ನಾಲ್ಕು. ಒಟ್ಟು ಮೂವತ್ತೊಂದು.