ಬರುವ ಶನಿವಾರದ ಪೆಟ್ಟಿಗೆ

ಆ ಚೀಟಿ ನನ್ನೊಳಗೆ ಬಿದ್ದ ದಿನ ನಾನು ಇನ್ನೂ ಸ್ವಲ್ಪ ಜೋರಾಗಿ ಸದ್ದು ಮಾಡಿದ್ದರೆ ಏನಾದರೂ ಬದಲಾಗುತ್ತಿತ್ತೇ? ಅಥವಾ ನನ್ನ ಬಾಯಿ ಇನ್ನೊಂದು ಕೂದಲೆಳೆಯಷ್ಟು ಕಿರಿದಾಗಿದ್ದು, ಚೀಟಿ ಅರ್ಧ ಹೊರಗೇ ಸಿಕ್ಕಿಕೊಂಡಿದ್ದರೆ? ಹೋಗಿ ಬರುವವರು ಯಾರಾದರೂ ಎಳೆದು ಓದುತ್ತಿದ್ದರೇನೋ. ಹನ್ನೊಂದು ವರ್ಷಗಳಿಂದ ಇದನ್ನೇ ಯೋಚಿಸುತ್ತಿದ್ದೇನೆ. ಗೋಡೆಗೆ ತೂಗುಬಿದ್ದ ತಗಡಿಗೆ ಯೋಚನೆಯಲ್ಲದೆ ಬೇರೆ ಕೆಲಸವಿಲ್ಲ.

ನಾನು ಒಂದು ದೂರು ಪೆಟ್ಟಿಗೆ. ತುಂಗಭದ್ರೆಯ ಕಾಲುವೆ ಪಕ್ಕದ ಊರೊಂದರಲ್ಲಿ, ದಸ್ತಗೀರ್ ಸಾಬರ ವೆಲ್ಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ಅದಕ್ಕೂ ಮೊದಲು ನನ್ನ ಮೈ ಒಂದು ಕೆಟ್ಟುಹೋದ ಕೂಲರಿನದಾಗಿತ್ತು. ನನ್ನನ್ನು ಮಾಡಿಸಲು ಬಂದವರು ವಸತಿ ಶಾಲೆಯ ಕನ್ನಡ ಮೇಷ್ಟ್ರು ಅಮರೇಶ ಸರ್. ಹಾಸ್ಟೆಲಿನ ವಾರ್ಡನ್ ಕೆಲಸವೂ ಅವರದೇ.

"ಬಾಯಿ ಎಷ್ಟಗಲ ಇಡ್ಲಿರಿ ಸರ?" ಎಂದು ಸಾಬರು ಕೇಳಿದರು.

"ಚೀಟಿ ಹೋಗ್ಬೇಕು, ಕೈ ಹೋಗಬಾರ್ದು ನೋಡ್ರಿ."

"ಹಂಗಾದ್ರ ಒಳಗ ಬಿದ್ದಿದ್ದು ನಿಮ್ಮ ಕೈಯಾಗ ಅಷ್ಟ ಅನ್ನಿ" ಎಂದು ಸಾಬರು ನಕ್ಕರು. ಅಮರೇಶ ಸರ್ ಕೂಡ ನಕ್ಕರು.

ಹಸಿರು ಬಣ್ಣದ ಮೇಲೆ ಕೆಂಪಕ್ಷರದಲ್ಲಿ ‘ದೂರು ಪೆಟ್ಟಿಗೆ’ ಎಂದು ಬರೆಸಿಕೊಂಡು ಶಾಲೆಗೆ ಹೋದೆ. ಪ್ರಿನ್ಸಿಪಾಲರಿಗೆ ಅದು ಹಿಡಿಸಲಿಲ್ಲ. "ದೂರು ಅಂತ ಬರಸಿದ್ರ ದೂರೇ ಬರ್ತಾವ್ರಿ. ಸಲಹೆ ಅಂತ ಬರಸ್ರಿ" ಎಂದರು. ಮಾರನೆಯ ದಿನ ನಾನು ಸಲಹಾ ಪೆಟ್ಟಿಗೆಯಾದೆ. ಆದರೆ ಪೇಂಟು ತೆಳುವಾಗಿತ್ತು. ಮಧ್ಯಾಹ್ನದ ಬಿಸಿಲು ಬಿದ್ದಾಗ ಹಳೆಯ ಅಕ್ಷರಗಳು ಅದರಡಿಯಿಂದ ಕಾಣುತ್ತಿದ್ದವು.

ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹಳೆಯ ಕಲ್ಯಾಣ ಮಂಟಪವೊಂದನ್ನು ಬಾಡಿಗೆಗೆ ಹಿಡಿದಿದ್ದರು. ಬಾಗಿಲ ಮೇಲೆ ‘ಸುಸ್ವಾಗತ’ ಹಾಗೇ ಉಳಿದಿತ್ತು. ವಧುವರರು ಕೂರುತ್ತಿದ್ದ ವೇದಿಕೆಯ ಮೇಲೆ ಏಳನೇ ತರಗತಿ ನಡೆಯುತ್ತಿತ್ತು. ಮೇಲಿನ ಊಟದ ಹಾಲಿನಲ್ಲಿ ನೂರನಲವತ್ತು ಹುಡುಗರು ಮಲಗುತ್ತಿದ್ದರು. ಮೇಲಕ್ಕೆ ಇದ್ದುದು ಒಂದೇ ಮೆಟ್ಟಿಲ ಸಾಲು. ಅದರ ಬುಡದಲ್ಲಿ ಮಡಚುವ ಕಬ್ಬಿಣದ ಗೇಟು. ಗೇಟಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ನನ್ನನ್ನು ನೇತುಹಾಕಿದರು. ಗೇಟಿನ ಬೀಗದ ಕೀಲಿಕೈ, ನನ್ನ ಬೀಗದ ಕೀಲಿಕೈ ಎರಡೂ ಅಮರೇಶ ಸರ್ ಸೊಂಟದ ಒಂದೇ ಗೊಂಚಲಿನಲ್ಲಿದ್ದವು.

ಮೊದಲ ವರ್ಷ ನನ್ನನ್ನು ಸರಿಯಾಗಿಯೇ ತೆರೆದರು. ತಿಂಗಳ ಮೊದಲ ಶನಿವಾರ ಪ್ರಿನ್ಸಿಪಾಲರು, ವಾರ್ಡನ್, ಪೋಷಕರ ಪೈಕಿ ಒಬ್ಬರು, ಹೀಗೆ ಮೂವರು ಸೇರಿ ತೆರೆಯಬೇಕು, ಏನು ಬಂದಿದೆ ಎಂದು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು ಎಂಬ ನಿಯಮವಿತ್ತು. ಒಂದು ಶನಿವಾರ ಸಾರಿನ ಬಗ್ಗೆ ಚೀಟಿ ಬಂತು. ಹೆಸರಿರಲಿಲ್ಲ. ಪ್ರಿನ್ಸಿಪಾಲರು ಬರಹದ ಗುರುತು ಹಿಡಿದರು. ಬರೆದ ಹುಡುಗ ಮೂರು ದಿನ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಂತ. ಅಂದಿನಿಂದ ಹುಡುಗರು ಎಡಗೈಯಲ್ಲಿ ಬರೆಯತೊಡಗಿದರು. ಆಮೇಲೆ ಅದನ್ನೂ ಬಿಟ್ಟು ಶೇಂಗಾ ಸಿಪ್ಪೆ, ಬಿಸ್ಕತ್ತಿನ ಕಾಗದ ಹಾಕತೊಡಗಿದರು. ನಾನು ಎಲ್ಲವನ್ನೂ ಇಟ್ಟುಕೊಂಡೆ.

ಮರುವರ್ಷ ಪೋಷಕರ ಪ್ರತಿನಿಧಿಯಾದವಳು ದುರ್ಗಮ್ಮ. ಕೂಲಿ ನಾಟಿಗೆ ಹೋಗುವವಳು. ಜೂನ್ ತಿಂಗಳಲ್ಲಿ ಮಗ ಹುಲಿಗೆಪ್ಪನನ್ನು ಆರನೇ ಕ್ಲಾಸಿಗೆ ಬಿಡಲು ಬಂದಿದ್ದಳು.

"ಅವ್ವ, ತಿಂಗಳಾ ತಿಂಗಳಾ ನಾಟಿ ಬಿಟ್ಟು ಬರೋದು ಬ್ಯಾಡ. ಎಲ್ಲಾ ಸಹಿ ಇವತ್ತ ಮಾಡಿಬಿಡು" ಎಂದು ಅಮರೇಶ ಸರ್ ಪುಸ್ತಕವನ್ನು ನನ್ನ ಕೆಳಗಿನ ಮೇಜಿನ ಮೇಲೆ ಬಿಚ್ಚಿಟ್ಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಆಕೆಯ ಒಂದು ದಿನದ ಕೂಲಿ ಉಳಿಯಲಿ ಎಂದುಕೊಂಡರು.

"ಹನ್ನೆರಡು ಕಡೆ ಅಂದ್ರ ನನಗ ಸಂಜಿ ಆಕ್ಕೈತ್ರಿ" ಎಂದು ದುರ್ಗಮ್ಮ ನಕ್ಕಳು. ಮಗನಿಂದ ಸಹಿ ಮಾಡಲು ಕಲಿತು ಆಗಿನ್ನೂ ಒಂದು ವರ್ಷವಾಗಿತ್ತು. "ಇದ್ರಾಗ ಏನ್ ಬರದೈತ್ರಿ?"

"ಇನ್ನೂ ಏನೂ ಬರದಿಲ್ಲವ್ವ. ಆಮ್ಯಾಲ ಬರೀತೀವಿ."

ಆಕೆ ನಾಲಿಗೆ ಕಚ್ಚಿಕೊಂಡು, ಒಂದೊಂದು ಅಕ್ಷರವನ್ನೂ ಸಸಿ ನೆಟ್ಟ ಹಾಗೆ ಇಟ್ಟಳು. ಹುಲಿಗೆಪ್ಪ ಪಕ್ಕದಲ್ಲಿ ನಿಂತು, "ಯವ್ವಾ, ಕೊಂಬು ಬಿಟ್ಟಿ ನೋಡು" ಎಂದು ತಿದ್ದಿದ.

ಮಾರನೆಯ ದಿನ ಮೇಲಧಿಕಾರಿಗಳು ತಪಾಸಣೆಗೆ ಬರುವವರಿದ್ದರು. ಸಹಿಯಿದ್ದ ಪುಟ ಖಾಲಿ ಕಾಣಬಾರದು, ತಾರೀಕು ಯಾರೂ ನೋಡುವುದಿಲ್ಲ ಎಂದುಕೊಂಡರೇನೋ. ಆ ಸಂಜೆಯೇ ಅಮರೇಶ ಸರ್ ತಮ್ಮ ದುಂಡಗಿನ ಅಕ್ಷರಗಳಲ್ಲಿ ಹನ್ನೆರಡೂ ಪುಟ ತುಂಬಿದರು. ಜೂನಿನಿಂದ ಮೇ ತನಕ ಒಂದೇ ಒಕ್ಕಣೆ. ಬರೆಯುತ್ತ ಬಾಯಲ್ಲಿ ಹೇಳಿಕೊಳ್ಳುವುದು ಅವರ ರೂಢಿ. ‘ಪೆಟ್ಟಿಗೆ ತೆರೆಯಲಾಯಿತು. ಯಾವ ದೂರೂ ಬಂದಿರುವುದಿಲ್ಲ. ವಿದ್ಯಾರ್ಥಿಗಳು ಸಂತೃಪ್ತರಾಗಿದ್ದಾರೆ.’ ಹನ್ನೆರಡು ಸಲ ಕೇಳಿಸಿಕೊಂಡೆ.

ಅವರು ಕೆಟ್ಟವರಲ್ಲ. ವಾರಕ್ಕೆ ಆರು ದಿನ ಅಲ್ಲೇ ಮಲಗುತ್ತಿದ್ದರು. ಹುಡುಗರ ಕಜ್ಜಿಗೆ ಮುಲಾಮು ಹಚ್ಚುತ್ತಿದ್ದರು. ಹಿಂದಿನ ವರ್ಷ ಪಕ್ಕದೂರಿನ ಹಾಸ್ಟೆಲಿನ ಹುಡುಗನೊಬ್ಬ ಸಂಜೆ ಈಜಲು ಹೋಗಿ ಕಾಲುವೆಯಲ್ಲಿ ಮುಳುಗಿಹೋಗಿದ್ದ. ಅಂದಿನಿಂದ ಅವರಿಗೆ ನೀರಿನ ಭಯ. ಸಂಜೆ ಆರರಿಂದ ಎಂಟರ ತನಕ, ಹುಡುಗರು ಮೇಲೆ ಓದುವ ಹೊತ್ತಿನಲ್ಲಿ, ಗೇಟಿಗೆ ಬೀಗ ಹಾಕುತ್ತಿದ್ದರು.

ಜುಲೈಯ ಒಂದು ದಿನ ಹುಲಿಗೆಪ್ಪ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಹತ್ತಿ ನನ್ನ ಬಾಯಿಗೆ ಒಂದು ಚೀಟಿ ಹಾಕಿದ. ಹೊಸ ಹುಡುಗ. ಎಡಗೈಯಲ್ಲಿ ಬರೆಯಬೇಕೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎರಡು ದಿನಗಳ ಮೇಲೆ, ಸಿಪ್ಪೆ ತೆಗೆದು ಹಾಕೋಣವೆಂದು ಅಮರೇಶ ಸರ್ ಒಬ್ಬರೇ ನನ್ನನ್ನು ತೆರೆದರು. ಚೀಟಿ ಕಂಡಿತು. ಮೆಲ್ಲಗೆ ಓದಿಕೊಂಡರು. "ಸರ್, ಸಂಜಿಕ ಗೇಟಿಗೆ ಕೀಲಿ ಹಾಕಬ್ಯಾಡ್ರಿ. ಊಟದ ಗಂಟಿ ಹೊಡದ ಕೂಡ್ಲೆ ದೊಡ್ಡ ಹುಡುಗ್ರು ಮೆಟ್ಲದಾಗ ನೂಕ್ತಾರ. ನಾವು ಸಣ್ಣಾವ್ರು ಗೇಟಿಗೆ ಹತ್ತಿ ಸಿಗತೀವಿ. ಉಸುರು ಬರಂಗಿಲ್ಲ. ನಾನು ಕಾಲಿವಿಗೆ ಹೋಗಂಗಿಲ್ಲ, ಆಣಿ ಮಾಡ್ತೀನಿ. ಇಂತಿ ಹುಲಿಗೆಪ್ಪ, ಆರನೇ ಕ್ಲಾಸ್."

ಸರ್ ಸ್ವಲ್ಪ ಹೊತ್ತು ಗೇಟು ನೋಡಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು, ‘ಕಾಲಿವಿಗೆ’ ಎಂದಿದ್ದನ್ನು ‘ಕಾಲುವೆಗೆ’ ಎಂದು ತಿದ್ದಿದರು. ಇಪ್ಪತ್ತು ವರ್ಷದ ಅಭ್ಯಾಸ ಅದು, ಕೈ ತಾನಾಗಿಯೇ ಹೋಯಿತು. ಮೂವರೂ ಇಲ್ಲದೆ ಚೀಟಿ ಹೊರಗೆ ತೆಗೆಯುವಂತಿಲ್ಲ ಎಂಬುದು ನೆನಪಾಯಿತೇನೋ. ಹನ್ನೆರಡು ಪುಟ ಮೊದಲೇ ತುಂಬಿಟ್ಟ ಮನುಷ್ಯ, ಆ ಒಂದು ನಿಯಮವನ್ನು ಪಾಲಿಸಿದರು. ಚೀಟಿಯನ್ನು ಮಡಚಿ ನನ್ನೊಳಗೇ ಇಟ್ಟು ಬೀಗ ಹಾಕಿದರು.

"ಬರೋ ಶನಿವಾರ ನೋಡೋಣು" ಎಂದರು, ನನಗೋ ತಮಗೋ.

ಆ ಶನಿವಾರ ಯಾರೂ ಬರಲಿಲ್ಲ. ಪುಸ್ತಕದಲ್ಲಿ ಆಗಲೇ ಬರೆದಾಗಿತ್ತಲ್ಲ.

ಆಗಸ್ಟ್ ಕೊನೆಯಲ್ಲಿ ಅನ್ನದಲ್ಲಿ ಹುಳ ಬಂತು. ಎರಡು ದಿನ ಹುಡುಗರು ಆರಿಸಿ ತಿಂದರು. ಮೂರನೆಯ ದಿನ, ಮಂಗಳವಾರ, ಒಂಬತ್ತನೇ ಕ್ಲಾಸಿನ ಯಮನೂರ ತಟ್ಟೆಯನ್ನು ಚಮಚದಿಂದ ಬಡಿಯತೊಡಗಿದ. ಅವನ ಹಿಂದೆ ನೂರನಲವತ್ತು ತಟ್ಟೆ. ಒಬ್ಬ ಅಡುಗೆಯವನ ಕಡೆಗೆ ಕಲ್ಲು ಬಂತು, ಆಫೀಸಿನ ಗಾಜು ಒಡೆಯಿತು. ಪ್ರಿನ್ಸಿಪಾಲರು ಊರಲ್ಲಿರಲಿಲ್ಲ. ಫೋನಿನಲ್ಲಿ ಅವರ ದನಿ ನನಗೂ ಕೇಳಿಸಿತು. "ಎಲ್ಲಾರ್ನೂ ಮ್ಯಾಲೆ ಹಾಕಿ ಕೀಲಿ ಜಡೀರಿ. ಪೊಲೀಸರು ಬರ್ಲಿ, ಆಮ್ಯಾಲ ನೋಡೂಣು."

ಅಮರೇಶ ಸರ್ ಹುಡುಗರನ್ನು ಬೈದು, ಬೇಡಿಕೊಂಡು, ಮೇಲೆ ಕಳಿಸಿದರು. ಬೀಗ ಹಾಕಿ ರಸ್ತೆಯ ಕಡೆ ಹೋಗಿ ನಿಂತರು.

ಮೇಲೆ ಯಾರೋ ಸಿಟ್ಟಿಗೆ ಕಾಗದಕ್ಕೆ ಬೆಂಕಿ ಹಚ್ಚಿದರು. ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಕಾಗದದಿಂದ ಹಾಸಿಗೆಗೆ ತಗುಲಿತು. ದೊಡ್ಡ ಬೆಂಕಿಯಲ್ಲ, ಹೊಗೆ. ತಟ್ಟೆಗಳ ಸದ್ದು ಒಮ್ಮೆಲೇ ನಿಂತಿತು. ಆಮೇಲೆ ಎಲ್ಲರೂ ಮೆಟ್ಟಿಲಿಳಿದು ಬಂದರು.

ಸರ್ ಓಡಿ ಬಂದರು. ಗೊಂಚಲಿನಲ್ಲಿ ಕೈಗೆ ಮೊದಲು ಸಿಕ್ಕ ಕೀಲಿಕೈಯನ್ನು ಗೇಟಿನ ಬೀಗಕ್ಕೆ ತುರುಕಿದರು. ತಿರುವಿದರು, ಮತ್ತೆ ತಿರುವಿದರು. ಅದು ನನ್ನ ಕೀಲಿಕೈ. ಗೇಟಿಗೆ ಹತ್ತಿಕೊಂಡಿದ್ದ ಸಣ್ಣ ಹುಡುಗರ ಮುಖಗಳು ಅವರಿಂದ ಒಂದು ಗೇಣು ದೂರದಲ್ಲಿದ್ದವು. ಸರಿಯಾದ ಕೀಲಿಕೈ ಸಿಗುವ ಹೊತ್ತಿಗೆ ಇಬ್ಬರ ಉಸಿರು ನಿಂತಿತ್ತು. ಒಬ್ಬ ಏಳನೇ ಕ್ಲಾಸಿನ ಈರಣ್ಣ. ಇನ್ನೊಬ್ಬ ಹುಲಿಗೆಪ್ಪ.

ಮಾರನೆಯ ದಿನ ಬೆಳಿಗ್ಗೆ ಪೊಲೀಸರು ಹೊರಗೆ ಚಹಾ ಕುಡಿಯುತ್ತಿದ್ದಾಗ ಅಮರೇಶ ಸರ್ ನನ್ನ ಬಳಿ ಬಂದರು. ನನ್ನನ್ನು ತೆರೆದು, ಸಿಪ್ಪೆ ಕೆದಕಿ, ಕೆಂಪು ಶಾಯಿ ಇದ್ದ ಆ ಒಂದು ಚೀಟಿಯನ್ನು ಮಾತ್ರ ತೆಗೆದು ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಉಳಿದವನ್ನು ಬಿಟ್ಟರು.

ವಿಚಾರಣೆಗೆ ಬಂದ ಅಧಿಕಾರಿ ಒಬ್ಬ ಹೆಣ್ಣುಮಗಳು. ಗಟ್ಟಿಯಾಗಿ ಮಾತಾಡಲಿಲ್ಲ. ಪುಸ್ತಕ ತಿರುವುತ್ತ ಸೆಪ್ಟೆಂಬರಿನ ಪುಟದಲ್ಲಿ ಕೈ ನಿಲ್ಲಿಸಿದರು.

"ಇವತ್ತು ಬುಧವಾರ. ಈ ಪುಟದ ಶನಿವಾರ ಇನ್ನೂ ಬಂದೇ ಇಲ್ಲ. ಆ ದಿನ ವಿದ್ಯಾರ್ಥಿಗಳು ಸಂತೃಪ್ತರಾಗಿದ್ದಾರೆ ಅಂತ ಬರೆದಿದ್ದೀರಿ. ಯಾವ ವಿದ್ಯಾರ್ಥಿಗಳು?"

ಆಕೆ ದುರ್ಗಮ್ಮನನ್ನು ಕರೆಸಿ ಸಹಿ ತೋರಿಸಿದರು. ದುರ್ಗಮ್ಮ ಅಕ್ಷರದ ಮೇಲೆ ಬೆರಳಿಟ್ಟಳು.

"ನಂದ ಐತ್ರಿ. ಕೊಂಬು ಅವನ ತಿದ್ದಿದ್ದ." ಆಮೇಲೆ ಅಮರೇಶ ಸರ್ ಕಡೆ ತಿರುಗಿದಳು. "ಸರ, ನನ್ನ ಹುಡುಗ ಈ ಡಬ್ಬಿದಾಗ ಏನೂ ಹಾಕಿದ್ದಿಲ್ಲೇನ್ರಿ? ಅಂವ ಸುಮ್ನ ಕುಂದ್ರೋ ಹುಡುಗ ಅಲ್ರಿ."

ಸರ್ ಕೈ ಜೇಬಿನ ಮೇಲೆ ಹೋಯಿತು. ಹಾಗೇ ಕೆಳಗಿಳಿಯಿತು. ತಲೆ ತಗ್ಗಿಸಿ ನಿಂತರು. ಅಧಿಕಾರಿ ಅದನ್ನು ದುಃಖವೆಂದುಕೊಂಡಿರಬೇಕು. ಸುಳ್ಳೂ ಅಲ್ಲ.

ಮೇಲಿನ ಕಿಟಕಿಗಳ ಸರಳುಗಳಿಗೂ ಗೇಟಿಗೂ ಕತ್ತರಿ ಬಿತ್ತು. ಕತ್ತರಿಸಲು ಬಂದವರು ನನ್ನನ್ನು ಮಾಡಿದ ದಸ್ತಗೀರ್ ಸಾಬರೇ. ಆ ದಿನ ಅವರು ನಗಲಿಲ್ಲ. ಮಕ್ಕಳ ಮನಸ್ಸು ವಿಚಾರಿಸಲು ಒಬ್ಬ ಮೇಡಂ ಎರಡು ವಾರ ಬಂದರು. ಬಣ್ಣದ ಪೆನ್ಸಿಲು ಕೊಟ್ಟು ಏನು ಬೇಕಾದರೂ ಬರೆಯಿರಿ ಎಂದರು. ಎಷ್ಟೋ ಹುಡುಗರು ಎಡಗೈಯಲ್ಲಿ ಪೆನ್ಸಿಲು ಹಿಡಿದರು. ಮೇಡಂಗೆ ಯಾಕೆಂದು ತಿಳಿಯಲಿಲ್ಲ.

ಯಮನೂರನನ್ನು ಗಲಭೆಯ ಮುಂದಾಳು ಎಂದು ಬಾಲಮಂದಿರಕ್ಕೆ ಕಳಿಸಿದರು. ಬೆಂಕಿ ಹಚ್ಚಿದ್ದು ಅವನಲ್ಲವೆಂದು ತೀರ್ಮಾನವಾಗಲು ಒಂದೂವರೆ ವರ್ಷ ಹಿಡಿಯಿತು. ಶಾಲೆ ಅವನನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ಪ್ರಿನ್ಸಿಪಾಲರಿಗೆ ವರ್ಗವಾಯಿತು. ಅಮರೇಶ ಸರ್ ಅಮಾನತಾಗಿ, ಎಂಟು ತಿಂಗಳ ಮೇಲೆ ದೂರದ ಊರಿನ ಶಾಲೆಗೆ ಹೋದರು. ನನಗೆ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಕೋರ್ಟಿನ ಉಗ್ರಾಣದಲ್ಲಿಟ್ಟರು. ಆರು ವರ್ಷ ಕತ್ತಲಲ್ಲಿದ್ದೆ. ಸಾಕ್ಷಿ ಎಂದು ನನ್ನ ಮೇಲೆ ಚೀಟಿ ಅಂಟಿಸಿದ್ದರು. ಯಾರೂ ಏನೂ ಕೇಳಲಿಲ್ಲ.

ಕೇಸು ಮುಗಿದ ಮೇಲೆ ನನ್ನನ್ನು ಮಂಟಪದ ಮಾಲೀಕರಿಗೆ ಒಪ್ಪಿಸಿದರು. ಶಾಲೆ ಸ್ವಂತ ಕಟ್ಟಡಕ್ಕೆ ಹೋಗಿತ್ತು. ಇಲ್ಲಿ ಮತ್ತೆ ಮದುವೆಗಳು ಶುರುವಾಗಿದ್ದವು. ಹಳೆಯ ಮೊಳೆಗೇ ನನ್ನನ್ನು ನೇತುಹಾಕಿದರು. ಈಗ ನನ್ನೊಳಗೆ ಊದುಬತ್ತಿ, ಕಡ್ಡಿಪೆಟ್ಟಿಗೆ, ಹಳೆ ಬಲ್ಬು ಇವೆ. ಬೀಗವಿಲ್ಲ. ಬುಡಕ್ಕೆ ತುಕ್ಕು ಹತ್ತಿದೆ.

ಮದುವೆಗಳಲ್ಲಿ ಪಾತ್ರೆ ತೊಳೆಯಲು ದುರ್ಗಮ್ಮ ಬರುತ್ತಾಳೆ. ಬಂದ ಕೂಡಲೇ ಸೆರಗಿನಿಂದ ನನ್ನನ್ನು ಒರೆಸುತ್ತಾಳೆ. ಜೊತೆಯ ಹೆಂಗಸರಿಗೆ, "ನಾನ ಸಹಿ ಹಾಕೀನವ್ವ, ಏನೂ ತ್ರಾಸಿಲ್ಲಂತ. ಮತ್ಯಾರಿಗೆ ಅನ್ನಲಿ?" ಎನ್ನುತ್ತಾಳೆ. ಹನ್ನೊಂದು ವರ್ಷದಿಂದ ಅದೇ ಮಾತು.

ಹೋದ ವೈಶಾಖದ ಒಂದು ಮಧ್ಯಾಹ್ನ, ಊಟ ಮುಗಿಸಿದ ಮುದುಕರೊಬ್ಬರು ಕೈ ಒರೆಸಿಕೊಳ್ಳುತ್ತ ಮೆಟ್ಟಿಲ ಹತ್ತಿರ ಬಂದರು. ನನ್ನನ್ನು ಕಂಡು ನಿಂತರು. ಜೇಬಿನಲ್ಲಿ ಪೆನ್ನಿರಲಿಲ್ಲ. ಬೆರಳಿನಿಂದ ನನ್ನ ಬಾಯಿಯ ಅಂಚು ಮುಟ್ಟಿದರು. ಆ ಬೆರಳಿನ ಗುರುತು ನನಗೆ ಸಿಕ್ಕಿತು.

"ಅಮರೇಶ ಸರ ಅಲ್ಲೇನ್ರಿ?" ದುರ್ಗಮ್ಮ ಬೂದಿ ಕೈಯಲ್ಲೇ ಎದ್ದು ಬಂದಳು. "ಸೊರಗೀರಲ್ರಿ. ಆರಾಮ ಅದೀರಿಲ್ಲೋ?"

"ಅದೀನವ್ವ. ನೀ?"

"ಅದೀನ್ರಿ." ಆಕೆ ನನ್ನ ಕಡೆ ನೋಡಿದಳು. "ಸರ, ಒಂದ್ ಮಾತು. ಅಂವ ಇದ್ರಾಗ ಏನೂ ಬರದು ಹಾಕಿದ್ದಿಲ್ಲ ಹೌದಿಲ್ರಿ? ಅಂವಗ ತ್ರಾಸ ಇದ್ದಿದ್ರ ನನಗರ ಹೇಳತಿದ್ದ. ನಾನ ಕೇಳಲಿಲ್ಲೇನೋ ಅನಸ್ತೈತ್ರಿ."

ಮೇಲಿನ ಹಾಲಿನಲ್ಲಿ ಮಕ್ಕಳು ಓಡಾಡುವ ಸದ್ದು. ಸರ್ ಆ ಕಡೆ ತಲೆಯೆತ್ತಿದರು. ಅವರ ಬಾಯಿ ತೆರೆಯಿತು. ನಾನು ಕಾದೆ.

"ಊಟ ಆತೇನವ್ವ ನಿಂದು?" ಎಂದರು.

"ಇನ್ನಾ ಇಲ್ರಿ. ಕಡೀ ಪಂಗ್ತಿ ಆಗ್ಲಿ."

ಸರ್ ಚಪ್ಪಲಿ ಹುಡುಕಿಕೊಂಡು ಹೊರಟುಹೋದರು. ದುರ್ಗಮ್ಮ ಪಾತ್ರೆಗಳ ಬಳಿ ಹೋಗಿ ಕೂತಳು. ಆ ಚೀಟಿ ಈಗ ಎಲ್ಲಿದೆಯೋ ನನಗೆ ಗೊತ್ತಿಲ್ಲ.

ನಿನ್ನ ಮಗ ಬರೆದಿದ್ದ, ನಾನು ಓದಿದ್ದೆ ಎಂದು ಅಮರೇಶ ಸರ್ ಆಕೆಗೆ ಹೇಳಲಿಲ್ಲ.