ಹತ್ತೂವರೆಯ ಬಸ್ಸು

ನಾನು ಸರ್ವೆಯವನು. ನಿನ್ನೆ ನಿಮ್ಮ ಮನೆಯಿಂದ ಯಾರ್ಯಾರು ಹೊರಗೆ ಹೋದರು, ಎಷ್ಟು ಗಂಟೆಗೆ, ಯಾವುದರಲ್ಲಿ, ದುಡಿಯುವವರು ಎಷ್ಟು ಜನ ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಬಸ್ಸು ಎಲ್ಲಿಗೆ, ಯಾವ ಹೊತ್ತಿಗೆ ಓಡಬೇಕೆಂದು ತೀರ್ಮಾನವಾಗುವುದು ಆ ಹಾಳೆಗಳ ಮೇಲೆ. ಎಲ್ಲ ಮನೆಗೂ ಹೋಗುವುದಿಲ್ಲ, ಐವತ್ತಕ್ಕೆ ಒಂದು. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ.

ಗುಡ್ಡದ ಮೇಲಿನ ಬಡಾವಣೆಯಲ್ಲಿ ನಾಲ್ಕು ಮನೆ ಬಂದವು. ಮೂರರಲ್ಲಿ ಗಂಡಸರೇ ಉತ್ತರ ಕೊಟ್ಟರು. ಹೆಂಡತಿಯ ಬಗ್ಗೆ ಕೇಳಿದರೆ ಮೂವರದೂ ಒಂದೇ ರಾಗ: “ಅವಳೆಲ್ಲಿಗೆ ಹೋಗ್ತಾಳೆ ಸ್ವಾಮಿ, ಮನೇಲೇ ಇರ್ತಾಳೆ.” ನಾಲ್ಕನೆಯದು ನನ್ನ ಅಕ್ಕನ ಮನೆ. ಒಳಗೆ ಕಾಲಿಟ್ಟರೆ ಊಟ ಮಾಡಿಸದೆ ಬಿಡುವವಳಲ್ಲ, ನನಗೆ ಗುಡ್ಡದ ಕೆಳಗೆ ಇನ್ನೂ ಎಂಟು ಮನೆ ಬಾಕಿಯಿತ್ತು. ಒಡಹುಟ್ಟಿದವಳ ಸಂಗತಿ ನನಗೆ ಗೊತ್ತಿಲ್ಲವೇ ಎಂದು ಮೋರಿಯ ಕಟ್ಟೆಯ ಮೇಲೆ ಕೂತು ನಾನೇ ತುಂಬಿದೆ. ಭಾವ: ಏಳಕ್ಕೆ ಕಾರ್ಖಾನೆಗೆ, ಬಸ್ಸು. ಅಕ್ಕ: ಮನೆಯಲ್ಲೇ. ಮಗಳು, ಆರು ವರ್ಷ, ಕಾಲಲ್ಲಿ ಬಲವಿಲ್ಲ: ಮನೆಯಲ್ಲೇ. ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಆಮೇಲೆ ಬೇರೆ ಊರುಗಳ ಸರ್ವೆ ಬಂತು. ಅಕ್ಕನ ಮನೆಗೆ ಹೋಗಲು ಒಂದು ವರ್ಷವಾಯಿತು. ಹೋದಾಗ ಅವಳು ಮಗುವಿನ ಕಾಲಿಗೆ ಎಣ್ಣೆ ನೀವುತ್ತಿದ್ದಳು.

“ವಾರಕ್ಕೆ ಮೂರು ಸಲ ಆಸ್ಪತ್ರೇಲಿ ವ್ಯಾಯಾಮ ಮಾಡಿಸ್ತಿದ್ದೆ ಕಣೋ. ಹತ್ತೂವರೆ ಬಸ್ಸಿಗೆ ಹೋಗ್ತಿದ್ದೆ. ಗೋಡೆ ಹಿಡ್ಕೊಂಡು ನಾಲ್ಕು ಹೆಜ್ಜೆ ಇಟ್ಟಿದ್ಲು. ಚೆನ್ನಾಗಿ ನಡೆಯೋ ಹಾಗಾದ್ಮೇಲೆ ನಿನಗೆ ತೋರಿಸೋಣ ಅಂತ ಹೇಳಿರ್ಲಿಲ್ಲ. ಅಷ್ಟರಲ್ಲಿ ಬಸ್ಸೇ ನಿಂತೋಯ್ತು. ಆ ಹೊತ್ತಲ್ಲಿ ಇಲ್ಲಿಂದ ಯಾರೂ ಹೋಗಲ್ವಂತೆ. ಏಳರ ಬಸ್ಸಲ್ಲಿ ಮಗೂನ ಎತ್ಕೊಂಡು ನಿಲ್ಲೋಕೂ ಜಾಗ ಇರಲ್ಲ.”

ಎರಡು ತಿಂಗಳು ಸೊಂಟದ ಮೇಲೆ ಹೊತ್ತುಕೊಂಡೇ ಗುಡ್ಡ ಇಳಿದು ಹತ್ತಿದಳಂತೆ. ಬೆನ್ನು ಹಿಡಿದುಕೊಂಡ ಮೇಲೆ ಅದೂ ನಿಂತಿತು. ಮಗು ಈಗ ಗೋಡೆ ಹಿಡಿದರೂ ನಿಲ್ಲುವುದಿಲ್ಲ.

“ಯಾರೋ ಬಂದು ಬರ್ಕೊಂಡು ಹೋದ್ರಂತೆ. ನಮ್ಮನೆಗೆ ಬಂದಿದ್ರೆ ನಾನು ಹೇಳ್ತಿದ್ದೆ.”

“ನಿಮ್ಮನೇದು ನಾನೇ ಬರ್ದೆ ಅಕ್ಕಾ. ನಿನ್ನ ಕೇಳದೇನೇ ಬರ್ದೆ.”

ಬೈದಿದ್ದರೆ ಹಗುರಾಗುತ್ತಿದ್ದೆ. ಅವಳು ಬೈಯಲಿಲ್ಲ. ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಮಗುವಿನ ಇನ್ನೊಂದು ಕಾಲು ನೀವತೊಡಗಿದಳು.

“ಮತ್ತೆ ಯಾವಾಗ ಬರ್ಕೊಳ್ತಾರೆ?”

“ಐದು ವರ್ಷಕ್ಕೊಂದ್ಸಲ. ಇನ್ನೂ ನಾಲ್ಕು ವರ್ಷ ಇದೆ. ಅಲ್ಲೀವರೆಗೂ ಏನನ್ನೂ ತಿದ್ದಲ್ಲ.”

ಅಕ್ಕ ಮಗಳ ಮುಖ ನೋಡಿದಳು. “ಅಷ್ಟೊತ್ತಿಗೆ ಇವಳಿಗೆ ಹನ್ನೊಂದು ತುಂಬಿರುತ್ತೆ. ಬಸ್ ಬಂದ್ರೂ ಎತ್ತಿ ಹತ್ತಿಸೋಕೆ ನನ್ನ ಕೈಲಿ ಆಗಲ್ಲ ಕಣೋ,” ಎಂದಳು.